ಮತ್ತಿತರರು

ಪಿ.ಜೆ. ಬಡಾವಣೆಯ ಎಂಟನೇ ಮೇನ್‌ನಲ್ಲಿ
ಒಂದು ಶಟರಿನ ಅಂಗಡಿ ನನ್ನದು.
ಲಗ್ನಪತ್ರಿಕೆ, ಬಾಡಿಗೆ ಕರಾರು, ಪಿಎಚ್.ಡಿ.
ಪುಟಕ್ಕೆ ಹದಿನೆಂಟು,
ಅಡಿಟಿಪ್ಪಣಿ ಇದ್ದರೆ ಇಪ್ಪತ್ತೆರಡು.

ಮಾಳೇಶ ಇದು ಮೂರನೇ ಸಲ ಬಂದದ್ದು,
ತೋಳಹುಣಸೆಯ ಬಸ್ಸಿಳಿದು,
ಬೆವರು ಮುಷ್ಟಿಯಲ್ಲಿ ಪೆನ್‌ಡ್ರೈವ್ ಹಿಡಿದು.
ಕಂಬಳಿಯ ಮೇಲೆ ಬರೆದ ಲೇಖನವನ್ನು
ಪತ್ರಿಕೆಯವರು ವಾಪಸು ಕಳಿಸಿದ್ದಾರೆ:
ವಿಷಯ ಉತ್ತಮ. ಪರಾಮರ್ಶನ ಶೈಲಿ ನಿಯಮಾನುಸಾರ ಇಲ್ಲ.
"ಸರಿ ಮಾಡ್ಕೊಡ್ರಿ ಮುಬೀನಕ್ಕ, ಶುಕ್ರವಾರ ಲಾಸ್ಟು."

ಮಾಡಿಕೊಡೋಣ.
ನುಡಿಯಿಂದ ಯೂನಿಕೋಡಿಗೆ ದಾಟಿಸುವಾಗ
ಅರ್ಕಾವತ್ತುಗಳು ಹೊಳೆ ದಾಟಿದ ಕುರಿಗಳ ಹಾಗೆ ಚದುರುತ್ತವೆ,
ಒಂದೊಂದನ್ನೇ ಕಿವಿ ಹಿಡಿದು ತಂದು ನಿಲ್ಲಿಸಬೇಕು.
ಪುಸ್ತಕದ ಹೆಸರು ಓರೆ, ಲೇಖನದ ಹೆಸರು ನೆಟ್ಟಗೆ,
ಇಸವಿ ಕಂಸದೊಳಗೆ, ಕಂಸದಾಚೆ ಚುಕ್ಕೆ.
ಮೊದಲ ಸಾಲು ಯಜಮಾನನ ಹಾಗೆ ಹೊಸ್ತಿಲಾಚೆ ನಿಲ್ಲಬೇಕು,
ಉಳಿದವು ಅರ್ಧ ಇಂಚು ಒಳಗೆ.
'ಅದೇ, ಪು. ೪೧' ಇನ್ನು ನಡೆಯುವುದಿಲ್ಲವಂತೆ,
ಹೇಳಿದವರ ಹೆಸರನ್ನು ಪ್ರತಿ ಸಲವೂ ಹೇಳಬೇಕಂತೆ.
ಇದೊಂದು ನಿಯಮ ನನಗೆ ಇಷ್ಟವಾಯಿತು.

ಅಡ್ಡಹೆಸರು ಮೊದಲು, ನಿಯಮಾವಳಿ, ಪುಟ ಆರು.
ನಮ್ಮ ಕಡೆಯವರಿಗೆ ಅಡ್ಡಹೆಸರು ಎಲ್ಲಿಂದ ತರಲಿ?
ಊರಿದೆ, ಅಪ್ಪನಿದ್ದಾನೆ, ಮನೆದೇವರಿದೆ.
ಚಳ್ಳಕೆರೆ ಕಡೆಯ ಸಣ್ಣಬೀರಮ್ಮ,
ಉಣ್ಣೆಯ ಕಪ್ಪಿಗೆ ಹನ್ನೊಂದು ಹೆಸರು ಹೇಳಿದಾಕೆ
(ಗದ್ದಿಗೆಗೆ ಹಾಸುವ ಕಪ್ಪು, ಬಾಣಂತಿಗೆ ಹೊದಿಸುವ ಕಪ್ಪು,
ಎರಡು ಬೇಸಿಗೆ ಕಂಡರೆ ಕೆಂಪಿಗೆ ತಿರುಗುವ ಕಳ್ಳಗಪ್ಪು),
ಬೀರಮ್ಮ, ಸ. ಆದಳು.

"ಸಣ್ಣ ಅಂದ್ರೆ ಇನಿಷಿಯಲ್ ಅಲ್ಲಕ್ಕ,
ಮನೇಲಿ ದೊಡ್ಡಬೀರಮ್ಮ ಅಂತ ಇನ್ನೊಬ್ಬಾಕಿ ಇದ್ಲು."
ನಕ್ಕವನು ಸುಮ್ಮನಾದ.
ಪುಟ ಹತ್ತೊಂಬತ್ತು ಬಂದಿತ್ತು:
ಮೌಖಿಕ ಮಾಹಿತಿ ಪಟ್ಟಿಯಲ್ಲಿ ಬರತಕ್ಕದ್ದಲ್ಲ,
ಓದುಗರು ಹುಡುಕಿ ಪರಿಶೀಲಿಸಲಾಗದು.

ಹುಡುಕಿದರೆ ಸಿಗುತ್ತಾಳೆ, ಅಂದ.
ಬೆಳಗ್ಗೆ ಏಳರ ಬಸ್ಸಿಗೆ ಹೋದರೆ
ಹತ್ತೂವರೆಗೆ ಅವಳ ಜಗಲಿ. ಚಹಾನೂ ಕೊಡುತ್ತಾಳೆ.

ಪಟ್ಟಿಯಲ್ಲಿ ಇರುವವನು ಹಿಕ್ಮನ್ ದೊರೆ, ೧೮೯೧.
ಕುದುರೆಯ ಮೇಲೆ ಬಂದು
ಹನ್ನೊಂದರಲ್ಲಿ ಮೂರು ಕಪ್ಪು ಬರೆದುಕೊಂಡು ಹೋದವನು.
ಯಾರನ್ನು ಕೇಳಿದೆ ಅಂತ ಬರೆದಿಲ್ಲ.
ಅವನಿಗೆ ಸಂಪುಟವಿದೆ, ಪುಟವಿದೆ, ಅಚ್ಚಾದ ಊರಿದೆ.

ನಮ್ಮ ಅಬ್ಬಾನ ಫೋಟೋ ಪೇಪರಿನಲ್ಲಿ ಬಂದದ್ದು ಒಂದೇ ಸಲ,
ಗಿರಣಿಯ ಗೇಟಿನ ಮುಂದೆ ಧರಣಿ ಕೂತ ದಿನ.
ಕೆಳಗೆ ನಾಲ್ಕು ಮುಖಂಡರ ಹೆಸರು, ಆಮೇಲೆ
'ಮತ್ತಿತರರು'.
ಎಡದಿಂದ ಆರನೆಯ ಮತ್ತಿತರರು ನಮ್ಮ ಅಬ್ಬಾ.
ಆ ತುಂಡನ್ನು ಅಮ್ಮಿ ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದಳು,
ಅನ್ನಕ್ಕಿಡುವಾಗ ದಿನಕ್ಕೆರಡು ಸಲ ಅವರ ಮುಖ.
ಮುಖ ಮಾಸಿತು, ಮತ್ತಿತರರು ಉಳಿಯಿತು.

ಮೂರಕ್ಕಿಂತ ಹೆಚ್ಚು ಲೇಖಕರಿದ್ದರೆ, ಪುಟ ಎಂಟು.
ಮಾಡಿದೆ. ಅಡ್ವಾನ್ಸು ತಗೊಂಡ ಮೇಲೆ ಮಾಡಬೇಕು.
ಒಂಬತ್ತು ಜನರನ್ನು
ಡಿಲೀಟ್ ಒತ್ತಿ ಒಳಗೆ ಕಳಿಸಿದೆ.

ಕರೆಂಟು ಹೋಗಿ ಬಂತು. ಯುಪಿಎಸ್ ಕೂಗಿ ಸುಮ್ಮನಾಯಿತು.
ಮಾಳೇಶ ಎದುರಿನ ಗಾಡಿಯಿಂದ ಮಂಡಕ್ಕಿ ತರುವಷ್ಟರಲ್ಲಿ
ನಾನು ಒಂದು ಸಾಲು ಹೊಡೆದಿದ್ದೆ:
ಸಣ್ಣಬೀರಮ್ಮ. (ಇಸವಿ ಇಲ್ಲ). ಜಗಲಿಯ ಮೇಲೆ ಹೇಳಿದ್ದು.

ಅಕಾರಾದಿಗೆ ಹಾಕಿದೆ.
ಅಕಾರಾದಿಗೆ ಯಾರ ಹಂಗೂ ಇಲ್ಲ.
ಸ ಆದ ಮೇಲೆ ಹ.
ಹಿಕ್ಮನ್ ದೊರೆ ಒಂದು ಸಾಲು ಕೆಳಗಿಳಿದ.

"ಮತ್ತೆ ವಾಪಸು ಬರ್ತದಕ್ಕ."
ಬರಲಿ. ನಾಲ್ಕನೇ ಸಲಕ್ಕೆ ದುಡ್ಡು ಬೇಡ.

ಪ್ರಿಂಟು ಬಿಸಿಯಾಗಿ ಬಂತು, ಇಬ್ಬರೂ ಬಗ್ಗಿ ನೋಡಿದೆವು.
ಎಲ್ಲರ ಬೆನ್ನಿಗೂ ಒಳಗೆ ಎರಡು ಸಾಲು, ಮೂರು ಸಾಲು.
ಅವಳದು ಒಂದೇ,
ಹೊಸ್ತಿಲಾಚೆಯೇ ನಿಂತಿದೆ.